ಕೊನೆ ಬೆಂಚಿನ ಪುಸ್ತಕ

ನಮ್ಮ ಕಚೇರಿಯ ಎರಡನೇ ಮಹಡಿಯಲ್ಲಿ ಶಿಕ್ಷಕರ ವಿಭಾಗ ಎಂಬ ಕೋಣೆ ಇದೆ. ನಾಲ್ಕು ಕಬ್ಬಿಣದ ಕಪಾಟು, ಮೂರು ಮೇಜು, ಗರಗರ ಅನ್ನುವ ಒಂದು ಫ್ಯಾನು, ಮತ್ತೆ ನಾನು. ಇಪ್ಪತ್ತೆರಡು ವರ್ಷದಿಂದ ಹೊಸ ಶಿಕ್ಷಕರು ಬರುವ ಕಾಗದ, ಹೋಗುವ ಕಾಗದ ಎರಡೂ ನನ್ನ ಕೈ ದಾಟಿಯೇ ಹೋಗಿವೆ. ಎಲ್ಲರೂ ನನ್ನನ್ನು ಫೈಲಮ್ಮ ಅನ್ನುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಮನೆಯಲ್ಲಿ ನನ್ನ ಗಂಡನೇ ಹಾಗೆ ಕರೆದರೂ ತಿರುಗಿ ನೋಡುತ್ತೇನೆ.

ಇಲಾಖೆಗೆ ಒಳ್ಳೆಯ ಶಿಕ್ಷಕರು ಬೇಕಿಲ್ಲ ಅಂತ ನಾನು ಹೇಳುವುದಿಲ್ಲ, ಹಾಗೆ ಹೇಳಿದರೆ ನಾಲಿಗೆ ಬಿದ್ದುಹೋದೀತು. ಅರ್ಧ ಪುಟದ ಜಾಹೀರಾತು ಕೊಡುತ್ತಾರೆ. ಪರೀಕ್ಷೆ ಇಡುತ್ತಾರೆ, ಸೋಸಿ ಸೋಸಿ ಆರಿಸುತ್ತಾರೆ. ಆಮೇಲೆ ಆರಿಸಿದವರನ್ನು ಹತ್ತು ದಿನ ಒಂದು ಸಭಾಂಗಣದಲ್ಲಿ ಕೂರಿಸಿ, ಪರದೆಯ ಮೇಲೆ ಬಾಣದ ಗುರುತಿನ ಚಿತ್ರಗಳನ್ನು ತೋರಿಸಿ, ಕೈಗೊಂದು ಚೀಲ ಕೊಟ್ಟು, ಐವತ್ತು ಮಕ್ಕಳ ಮುಂದೆ ನಿಲ್ಲಿಸಿ ಬಾಗಿಲು ಎಳೆದುಕೊಂಡು ಬರುತ್ತಾರೆ. ಮತ್ತೆ ಆ ಮುಖ ನೋಡುವುದು ವರ್ಷದ ಮೇಲೆ, ಖಾಯಂ ಮಾಡುವಾಗ. ಅಷ್ಟರಲ್ಲಿ ಎಷ್ಟೋ ಜನ ನನ್ನ ನಾಲ್ಕನೇ ಕಪಾಟು ಸೇರಿರುತ್ತಾರೆ. ಅದು ರಾಜೀನಾಮೆಯ ಕಪಾಟು. ಕಾರಣ ಎಂಬಲ್ಲಿ ಎಲ್ಲರೂ ಬರೆಯುವುದು ಒಂದೇ: ವೈಯಕ್ತಿಕ. ಇಷ್ಟು ಜನಕ್ಕೆ ಒಂದೇ ವೈಯಕ್ತಿಕ ಕಾರಣ ಹೇಗಪ್ಪಾ ಬಂತು ಅಂತ ಮೇಲಿನವರು ಒಬ್ಬರಾದರೂ ಕೇಳಿದ್ದನ್ನು ನಾನು ಕಂಡಿಲ್ಲ.

ಆ ಕಪಾಟು ಮೊದಲಿನಂತೆ ತುಂಬದ ಹಾಗೆ ಒಂಬತ್ತು ವರ್ಷ ತಡೆದವರು ಬೆಂಚಕ್ಕ. ಅವರ ಹುದ್ದೆಗೆ ಮಾರ್ಗದರ್ಶಿ ಶಿಕ್ಷಕಿ ಎಂಬ ದೊಡ್ಡ ಹೆಸರಿತ್ತು. ಆದರೆ ಹನ್ನೊಂದು ಶಾಲೆಗಳಲ್ಲಿ ಯಾರನ್ನು ಕೇಳಿದರೂ ಬೆಂಚಕ್ಕ ಅಂತಲೇ ಹೇಳುತ್ತಿದ್ದರು. ಕುಳ್ಳಗೆ, ಸ್ವಲ್ಪ ದಪ್ಪಗೆ ಇದ್ದರು. ಎಡಗಾಲಿನ ಮಂಡಿ ನೋವು. ಹೆಗಲಿಗೆ ಒಂದು ಬಟ್ಟೆಯ ಚೀಲ, ಚೀಲದಲ್ಲಿ ಒಂದು ಉದ್ದನೆಯ ಪುಸ್ತಕ, ಎರಡು ಪೆನ್ನು, ಕೂರುವುದಕ್ಕೆ ಒಂದು ತೆಳ್ಳನೆಯ ದಿಂಬು. ಮಕ್ಕಳ ಬೆಂಚು ಗಟ್ಟಿ ನೋಡಿ, ಅದಕ್ಕೆ.

ಹೊಸಬರು ಬಂದ ಮೊದಲ ನಲವತ್ತು ದಿನ ಅವರು ತರಗತಿಯ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದರು. ಆಮೇಲೆ ತಿಂಗಳಿಗೊಮ್ಮೆ. ಕೂತು ಬರೆಯುತ್ತಿದ್ದರು. ಏನು ಬರೆಯುತ್ತಿದ್ದರು ಅಂತ ಕೇಳಿ, ಅದೇ ವಿಶೇಷ. ಪಾಠ ಮಾಡುವವರ ಬಗ್ಗೆ ಒಂದಕ್ಷರವೂ ಇಲ್ಲ. ಮಕ್ಕಳು ಏನು ಮಾಡಿದರು, ಅಷ್ಟೇ. 'ಹತ್ತು ಗಂಟೆ ಹನ್ನೆರಡು ನಿಮಿಷ: ಕಿಟಕಿ ಪಕ್ಕದ ಹುಡುಗಿ ರಬ್ಬರನ್ನು ಚೂರು ಮಾಡುತ್ತಿದ್ದಾಳೆ. ಹತ್ತೂಕಾಲು: ಮೂವರು ಕೈ ಎತ್ತಿದರು. ಒಬ್ಬನಿಗೆ ಅವಕಾಶ ಸಿಕ್ಕಿತು. ಉಳಿದಿಬ್ಬರು ಪಾಠ ಮುಗಿಯುವವರೆಗೆ ಮತ್ತೆ ಕೈ ಎತ್ತಲಿಲ್ಲ.' ಹೀಗೆ. ಗಂಟೆ ಹೊಡೆದ ಕೂಡಲೇ ಪುಟವನ್ನು ಹರಿದು ಆ ಶಿಕ್ಷಕರ ಕೈಗೆ ಕೊಟ್ಟು, "ಇದು ನಿಮ್ಮದು. ಇನ್ಯಾರದ್ದೂ ಅಲ್ಲ" ಅನ್ನುತ್ತಿದ್ದರು. ಬುದ್ಧಿವಾದ ಇಲ್ಲ, ಭಾಷಣ ಇಲ್ಲ. ಕೇಳಿದರೆ ಮಾತ್ರ ಮಾತು.

ಪುಟದ ಕೆಳಗೆ ಕಾರ್ಬನ್ ಹಾಳೆ ಇಟ್ಟು ಬರೆಯುವುದರಿಂದ ನಕಲೊಂದು ಪುಸ್ತಕದಲ್ಲಿ ಉಳಿಯುತ್ತಿತ್ತು. ಮುಂದಿನ ತಿಂಗಳು ಹೋದಾಗ ಹಿಂದಿನದನ್ನು ನೋಡಿಕೊಳ್ಳುವುದಕ್ಕೆ. ಅವರಿಗೆ ಸ್ವಂತ ಮೇಜು ಇರಲಿಲ್ಲ. ಹನ್ನೊಂದು ಶಾಲೆ ಸುತ್ತುವವರಿಗೆ ಮೇಜು ಯಾಕೆ ಅಂತ ಇಲಾಖೆ ಕೊಟ್ಟಿರಲಿಲ್ಲ. ಹಾಗಾಗಿ ಪುಸ್ತಕಗಳೆಲ್ಲ ನನ್ನ ಮೂರನೇ ಕಪಾಟಿನಲ್ಲಿ ಇರುತ್ತಿದ್ದವು.

"ಫೈಲಮ್ಮ, ಇದರ ಬೀಗದ ಕೈ ನಿನ್ನ ಹತ್ರಾನೇ ಇರಲಿ," ಅಂದಿದ್ದರು ಮೊದಲನೇ ದಿನ. "ಈ ಪುಸ್ತಕ ಮೇಲಿನವರ ಕೈಗೆ ಹೋಗಲ್ಲ ಅಂತ ಹೊಸ ಟೀಚರುಗಳಿಗೆ ಮಾತು ಕೊಟ್ಟಿದೀನಿ. ಆ ಮಾತಿಲ್ಲದಿದ್ರೆ ಅವರು ನನ್ನನ್ನ ಬಾಗಿಲೊಳಗೆ ಬಿಡಲ್ಲ."

"ಆಯ್ತಕ್ಕ, ನನ್ನ ಕಪಾಟು ಅಂದ್ರೆ ನನ್ನ ಹೊಟ್ಟೆ ಇದ್ದಂಗೆ. ಒಳಗೆ ಹೋದದ್ದು ಆಚೆ ಬರಲ್ಲ," ಅಂತ ನಾನು ದೊಡ್ಡದಾಗಿ ಜಂಬ ಕೊಚ್ಚಿಕೊಂಡಿದ್ದೆ. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಹೋದ ವರ್ಷ ಇಲಾಖೆಯವರು ಹೊಸ ನಿಯಮ ತಂದರು. ಬೇರೆ ಕೆಲಸದಲ್ಲಿ ಹತ್ತು ವರ್ಷ ಅನುಭವ ಇರುವ ಪದವೀಧರರೂ ಶಿಕ್ಷಕರಾಗಬಹುದು ಅಂತ. ಒಳ್ಳೆಯ ನಿಯಮವೇ, ನಾನು ಬಾಯಿತುಂಬ ಹೊಗಳುತ್ತೇನೆ. ಆ ನಿಯಮದಲ್ಲಿ ಬಂದವರೇ ಲೇತ್ ಮೇಷ್ಟ್ರು. ಹನ್ನೊಂದು ವರ್ಷ ಒಂದು ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲೆ ಕಬ್ಬಿಣ ಕೊರೆದವರು. ಸಂಜೆ ಕಾಲೇಜಿಗೆ ಹೋಗಿ ಗಣಿತದಲ್ಲಿ ಪದವಿ ಮಾಡಿಕೊಂಡಿದ್ದರು. ಆರಡಿ ಎತ್ತರ, ಅಗಲವಾದ ಕೈ. ಮೊದಲ ದಿನ ಸೇರ್ಪಡೆ ಪತ್ರಕ್ಕೆ ಸಹಿ ಹಾಕುವಾಗ ನನ್ನ ಪೆನ್ನಿನ ಮೂತಿ ಬಾಗಿಹೋಯಿತು.

"ಕಾರ್ಖಾನೆ ಕೆಲಸ ಬಿಟ್ಟೇ ಬಿಟ್ರಾ?" ಅಂದೆ.

"ಬಿಟ್ಟೆ ಮೇಡಂ. ನನ್ನ ಜಾಗಕ್ಕೆ ಆಗಲೇ ಇನ್ನೊಬ್ಬ ಬಂದ. ಮಗಳು ಒಂದನೇ ಕ್ಲಾಸು. 'ಅಪ್ಪ, ನೀನೂ ಸ್ಕೂಲಿಗೆ ಸೇರ್ದೆಯಾ' ಅಂತ ಕುಣೀತಾಳೆ," ಅಂದರು. ಮಾತಾಡಿದ್ದಲ್ಲ, ಕೂಗಿದ್ದು. ಪಕ್ಕದ ಕೋಣೆಯವರು ಇಣುಕಿ ನೋಡಿದರು. ಯಂತ್ರದ ಸದ್ದಿನ ನಡುವೆ ಹನ್ನೊಂದು ವರ್ಷ ಮಾತಾಡಿದವರಿಗೆ ದನಿ ತಗ್ಗಿಸುವುದು ಎಲ್ಲಿಂದ ಬರಬೇಕು, ಪಾಪ.

ಅವರ ಮೊದಲ ದಿನದ ಪುಟವನ್ನು ನಾನು ಆಮೇಲೆ ಎಷ್ಟು ಸಲ ಓದಿದೆನೋ, ಬಾಯಿಪಾಠ ಆಗಿದೆ. 'ಒಂಬತ್ತೂವರೆ: ಮುಂದಿನ ಸಾಲಿನ ಇಬ್ಬರು ಕಿವಿ ಮುಚ್ಚಿಕೊಂಡರು. ಒಂಬತ್ತು ಮೂವತ್ತೆಂಟು: ಹದಿನೇಳು ಮಕ್ಕಳು ಕಿಟಕಿಯ ಕಡೆ ನೋಡುತ್ತಿದ್ದಾರೆ. ಒಂಬತ್ತು ನಲವತ್ತು: ಒಂದು ಹುಡುಗಿ ಅಳುತ್ತಿದ್ದಾಳೆ. ಪಕ್ಕದವಳು ಸಮಾಧಾನ ಮಾಡುತ್ತಿದ್ದಾಳೆ. ಹತ್ತು ಗಂಟೆ: ಯಾರೂ ಕೈ ಎತ್ತಲಿಲ್ಲ.'

ಆ ಪುಟ ತೆಗೆದುಕೊಂಡು ಲೇತ್ ಮೇಷ್ಟ್ರು ಮನೆಗೆ ಹೋಗಿ, ಹೆಂಡತಿಯನ್ನು ಕೂರಿಸಿಕೊಂಡು, ಅವಳು ಅಡುಗೆಮನೆಯಲ್ಲಿ, ಇವರು ನಡುಮನೆಯಲ್ಲಿ, ಮೆಲ್ಲಗೆ ಮಾತಾಡುವುದನ್ನು ಕಲಿತರಂತೆ. ಅವಳಿಗೆ ಕೇಳಿಸಿದರೆ ಸಾಕು, ಪಕ್ಕದ ಮನೆಗೆ ಕೇಳಿಸಬಾರದು, ಅದು ಲೆಕ್ಕ. ಹತ್ತನೇ ದಿನ ಕಾರ್ಖಾನೆಯಿಂದ ಕೊರೆದ ಕಬ್ಬಿಣದ ಸರಳಿನ ತುಂಡುಗಳನ್ನು ಚೀಲದಲ್ಲಿ ತಂದು, ಅರ್ಧ, ಕಾಲು, ಅರೆಕಾಲು ಅಂತ ಮಕ್ಕಳ ಕೈಗೇ ಕೊಟ್ಟು ಜೋಡಿಸಲು ಬಿಟ್ಟರು. ನಲವತ್ತನೇ ದಿನ ಬೆಂಚಕ್ಕ ನಮ್ಮ ಕೋಣೆಗೆ ಬಂದು ಕುರ್ಚಿಯಲ್ಲಿ ಕೂತು, ಮಂಡಿ ನೀವಿಕೊಳ್ಳುತ್ತ, "ಫೈಲಮ್ಮ, ಇವತ್ತು ನನಗೆ ಬರೆಯೋಕೆ ಕೈ ಸಾಲಲಿಲ್ಲ ಕಣೆ. ಆ ಮಕ್ಕಳು ಗಂಟೆ ಹೊಡೆದ್ರೂ ಏಳಲಿಲ್ಲ!" ಅಂದರು. ಅವರ ಮುಖ ನೋಡಬೇಕಿತ್ತು ನೀವು.

ಇಷ್ಟಾದ ಮೇಲೆ ನಾನು ಮಾಡಿದ ಘನಕಾರ್ಯ ಕೇಳಿ.

ವರ್ಷದ ಕೊನೆಗೆ ಖಾಯಂ ಮಾಡುವ ಫೈಲು ಸಮಿತಿಗೆ ಹೋಗಬೇಕು. ಅದರಲ್ಲಿ ಒಂದು ನಮೂನೆ: ಮಾರ್ಗದರ್ಶಿಯ ಮೌಲ್ಯಮಾಪನ, ನೂರಕ್ಕೆ ಎಷ್ಟು. ಬೆಂಚಕ್ಕ ಆ ಜಾಗವನ್ನು ಒಂಬತ್ತು ವರ್ಷವೂ ಖಾಲಿ ಬಿಟ್ಟವರು. ಹಿಂದಿನ ನಿರ್ದೇಶಕರು ನೋಡಿಯೂ ನೋಡದ ಹಾಗೆ ಬಿಡುತ್ತಿದ್ದರು. ಈ ಸಲ ಹೊಸ ನಿರ್ದೇಶಕರು ಬಂದಿದ್ದರು. ಖಾಲಿ ಬಿಟ್ಟ ಫೈಲು ವಾಪಸ್, ಕೊನೆಯ ದಿನಾಂಕ ದಾಟಿದರೆ ಆ ಶಿಕ್ಷಕರ ನೇಮಕವೇ ರದ್ದು ಅಂತ ಸುತ್ತೋಲೆ ಬಂತು. ಕೊನೆಯ ದಿನ ಬೆಂಚಕ್ಕ ಊರಲ್ಲಿರಲಿಲ್ಲ, ತಂಗಿಗೆ ಆಪರೇಷನ್ ಅಂತ ಹೋಗಿದ್ದರು. ಆ ವರ್ಷ ಖಾಯಂ ಆಗಬೇಕಿದ್ದವರು ಲೇತ್ ಮೇಷ್ಟ್ರು ಒಬ್ಬರೇ. ನಮೂನೆಯ ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲಿತ್ತು: ಅಂಕ ಇಲ್ಲದಿದ್ದಲ್ಲಿ ಮಾರ್ಗದರ್ಶಿಯ ಟಿಪ್ಪಣಿ ಲಗತ್ತಿಸುವುದು, ಒಂದು ಪುಟ ಮೀರದಂತೆ.

ಮೇಲಧಿಕಾರಿ ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದರು. "ಏನಮ್ಮ, ಫೈಲು ಆಯ್ತೋ ಇಲ್ವೋ?" ಅಂತ ಮೂರು ಸಲ ಕೇಳಿದರು. ನಾನು ಮೂರನೇ ಕಪಾಟು ತೆರೆದೆ. ಲೇತ್ ಮೇಷ್ಟ್ರ ಪುಸ್ತಕ ತೆಗೆದೆ. ಒಂದೇ ಪುಟ ತಾನೇ, ಯಾವುದಾದರೇನು ಅಂತ ಮೇಲಿನದನ್ನು ಬಿಡಿಸಿ ಪಿನ್ನು ಚುಚ್ಚಿದೆ. ಇಪ್ಪತ್ತೆರಡು ವರ್ಷದಲ್ಲಿ ಸಮಿತಿಯವರು ಲಗತ್ತು ಓದಿದ್ದನ್ನು ನಾನು ನೋಡಿಯೇ ಇರಲಿಲ್ಲ. ಒಂದು ಕಾಗದ ಇದ್ದರೆ ಫೈಲು ಮುಂದೆ ಹೋಗುತ್ತದೆ, ಮೇಷ್ಟ್ರ ಕೆಲಸ ಉಳಿಯುತ್ತದೆ ಅಂತಲೇ ನನ್ನ ಲೆಕ್ಕ. ಒಳ್ಳೆಯದು ಮಾಡಿದೆ ಅಂದುಕೊಂಡು ಟೀ ಬೇರೆ ತರಿಸಿ ಕುಡಿದೆ, ನಾಚಿಕೆಗೆಟ್ಟವಳು!

ಹೊಸ ನಿರ್ದೇಶಕರು ಲಗತ್ತುಗಳನ್ನೆಲ್ಲ ಓದುವವರು. ವಾರದಲ್ಲಿ ಆದೇಶ ಬಂತು. 'ಮಕ್ಕಳು ಅಳುವ, ಕಿವಿ ಮುಚ್ಚಿಕೊಳ್ಳುವ ಪರಿಸ್ಥಿತಿ ಕಂಡುಬಂದಿದ್ದು, ಸದರಿ ಶಿಕ್ಷಕರು ಖಾಯಂಗೊಳಿಸಲು ಅರ್ಹರಲ್ಲ. ಆಕ್ಷೇಪಣೆ ಇದ್ದಲ್ಲಿ ಹದಿನೈದು ದಿನದೊಳಗೆ ಸಲ್ಲಿಸುವುದು.' ನಾನೇ ಪಿನ್ನು ಚುಚ್ಚಿದ ಆ ಪುಟವನ್ನು ಆಗ ಮೊದಲ ಸಲ ಓದಿದೆ.

ಮಾರನೇ ದಿನ ಲೇತ್ ಮೇಷ್ಟ್ರು ಬಂದರು. ಒಂದು ವರ್ಷದಲ್ಲಿ ಕಲಿತ ಆ ಮೆಲುದನಿಯಲ್ಲಿ, "ಮೇಡಂ, ರಾಜೀನಾಮೆ ನಮೂನೆ ಇದೆಯಾ?" ಅಂದರು.

"ಯಾಕೆ ಸಾರ್? ಆಕ್ಷೇಪಣೆ ಬರೀರಿ."

"ಏನಂತ ಬರೀಲಿ? ಅದರಲ್ಲಿ ಇರೋದೆಲ್ಲ ನಿಜಾನೇ. ಮಕ್ಕಳು ಅತ್ತರು." ನಮೂನೆ ಇಸಿದುಕೊಂಡು ನಿಂತೇ ತುಂಬಿಸಿದರು. ಕಾರಣ ಎಂಬಲ್ಲಿಗೆ ಬಂದು ಪೆನ್ನು ನಿಂತಿತು. "ಆ ಪುಟ ನನ್ನದು ಅಂತ ಹೇಳಿದ್ರು ಟೀಚರ್. ಇನ್ಯಾರದ್ದೂ ಅಲ್ಲ ಅಂತ ಹೇಳಿದ್ರು," ಅಂದರು. ಕಾರಣ ಬರೆಯದೆಯೇ ನಮೂನೆ ನನ್ನ ಮೇಜಿನ ಮೇಲಿಟ್ಟು ಹೋದರು. ಬೆಂಚಕ್ಕನೇ ಕೊಟ್ಟದ್ದು ಅಂತ ಅವರು ತಿಳಿದುಕೊಂಡಿದ್ದರು. ಅಲ್ಲ, ನಾನೇ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಬಾಯಿಬಡುಕಿ ಅಂತ ಹೆಸರಾದ ನನಗೆ ಆ ಹೊತ್ತಿಗೆ ಬಾಯಿ ಬರಲಿಲ್ಲ.

ಬೆಂಚಕ್ಕ ತಂಗಿಯ ಮನೆಯಿಂದ ಬರುವಷ್ಟರಲ್ಲಿ ಸುದ್ದಿ ಹನ್ನೊಂದು ಶಾಲೆಗೂ ಮುಟ್ಟಿತ್ತು. ಅವರು ಮೊದಲು ಹೋದದ್ದು ಇನ್ನೊಂದು ಶಾಲೆಗೆ. ಅಲ್ಲಿ ಆಗತಾನೇ ಸೇರಿದ್ದ ವಿಜ್ಞಾನದ ಟೀಚರ್, ಇಪ್ಪತ್ಮೂರರ ಹುಡುಗಿ, ಬಾಗಿಲಿಗೆ ಅಡ್ಡ ನಿಂತು, "ಇವತ್ತು ಬೇಡ ಟೀಚರ್. ನಿಮ್ಮ ಪುಸ್ತಕ ಎಲ್ಲಿಗೆ ಹೋಗುತ್ತೆ ಅಂತ ಎಲ್ಲರಿಗೂ ಗೊತ್ತಾಗಿದೆ," ಅಂದಳಂತೆ. ಅಲ್ಲಿಂದ ನೇರ ನನ್ನ ಹತ್ತಿರ ಬಂದರು. ಎರಡು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದರು.

"ಯಾವ ಪುಟ?" ಅಂದರು.

"ಮೊದಲನೇದು, ಅಕ್ಕ." ಅಳು ಬಂತು. ಎಲ್ಲ ಹೇಳಿದೆ. ಗಡಿಯಾರ, ಪಿನ್ನು, ಟೀ, ಎಲ್ಲ.

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಕುರ್ಚಿ ಎಳೆದುಕೊಂಡು ಕೂತರು. ಆಮೇಲೆ, "ನನ್ನ ಮಗಳು ಟೀಚರ್ ಆಗಿದ್ಳು, ಗೊತ್ತಾ ನಿನಗೆ?" ಅಂದರು.

ನನಗೆ ಗೊತ್ತಿರಲಿಲ್ಲ. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ ಅಂತ ಮಾತ್ರ ಗೊತ್ತಿತ್ತು.

"ಹನ್ನೊಂದು ತಿಂಗಳು. ದಿನಾ ಸಂಜೆ ಬಂದು ಸ್ನಾನದ ಮನೆ ಸೇರಿ ನಲ್ಲಿ ಬಿಟ್ಕೊಂಡು ಅಳ್ತಿದ್ದಳು. ನಾನು ಅದೇ ಮನೇಲಿ, ಅವಳಿಗಿಂತ ಹೆಚ್ಚು ಮಕ್ಕಳಿಗೆ ಪಾಠ ಮಾಡಿ ಬಂದು, ನೀರು ಯಾಕೆ ಪೋಲು ಮಾಡ್ತೀಯ ಅಂತ ಗದರ್ತಿದ್ದೆ. ಒಂದು ದಿನ ಅವಳಿಗೂ ಇಂಥದ್ದೇ ಒಂದು ಕಾಗದ ಬಂತು. ಇನ್ಸ್ಪೆಕ್ಟರು ಒಂದು ಸಲ ಬಂದು, ಕಾಲು ಗಂಟೆ ನಿಂತು, ಬರೆದು ಹೋದದ್ದು. ಅವಳ ತರಗತೀಲಿ ಒಂದು ಸಲಾನೂ ನಾನು ಹೋಗಿ ಕೂತಿರಲಿಲ್ಲ ಫೈಲಮ್ಮ. ಮೂರು ನಿಲ್ದಾಣ ದೂರ, ಅಷ್ಟೇ." ಕಣ್ಣು ಒರೆಸಿಕೊಂಡರು. "ಅದಕ್ಕೇ ಈ ಕೆಲಸ ಕೇಳಿ ಹಾಕಿಸ್ಕೊಂಡೆ."

ನಾನು ಅವರ ಕೈ ಹಿಡಿದುಕೊಂಡೆ. ಅವರು ಬಿಡಿಸಿಕೊಂಡು ಎದ್ದರು. "ನಾಳೆ ಅರ್ಧ ದಿನ ರಜೆ ಹಾಕು. ನನ್ನ ಜೊತೆ ಬಾ."

ಲೇತ್ ಮೇಷ್ಟ್ರ ಶಾಲೆ ಪೇಟೆಯ ಹಿಂದಿನ ರಸ್ತೆಯಲ್ಲಿದೆ. ಉದ್ದನೆಯ ಪಡಸಾಲೆ, ಸಾಲಾಗಿ ಹಸಿರು ಬಾಗಿಲುಗಳು, ತುದಿಯಲ್ಲಿ ನೀರಿನ ತೊಟ್ಟಿ. ಮೇಷ್ಟ್ರು ಬಾಗಿಲಲ್ಲೇ ಇದ್ದರು. ಬೆಂಚಕ್ಕನನ್ನು ಕಂಡು ಮುಖ ತಿರುಗಿಸಿದರು. ನಾನು ಮುಂದೆ ಹೋಗಿ, "ಸಾರ್, ಅದು ಅವರು ಕೊಟ್ಟದ್ದಲ್ಲ. ಕಪಾಟಿನಿಂದ ತೆಗೆದದ್ದು ನಾನು. ನಿಮ್ಮ ಹೊಟ್ಟೆ ಮೇಲೆ ಹೊಡೆದವಳು ನಾನು," ಅಂದುಬಿಟ್ಟೆ. ಅವರು ನನ್ನನ್ನೇ ದಿಟ್ಟಿಸಿದರು.

ಬೆಂಚಕ್ಕ ಚೀಲದಿಂದ ಪುಸ್ತಕ, ಪೆನ್ನು, ದಿಂಬು ಮೂರನ್ನೂ ತೆಗೆದು ಅವರ ಕೈಗಿಟ್ಟರು. "ಇವತ್ತು ನೀವು ಕೊನೆ ಬೆಂಚು. ಪಾಠ ನಾನು ಮಾಡ್ತೀನಿ. ನಾನು ಹೇಗೆ ಬರೀತಿದ್ದೆನೋ ಹಾಗೇ ಬರೀರಿ. ಕರುಣೆ ಗಿರುಣೆ ಏನೂ ತೋರಿಸ್ಬೇಡಿ."

"ಏನಕ್ಕೆ ಟೀಚರ್ ಇದೆಲ್ಲ?"

"ಹೊಸ ಮಕ್ಕಳ ಮುಂದೆ ಮೊದಲ ದಿನ ಯಾರು ನಿಂತ್ರೂ ಪುಟ ಹೇಗಿರುತ್ತೆ ಅಂತ ಆ ನಿರ್ದೇಶಕರಿಗೆ ತೋರಿಸ್ಬೇಕು. ಸ್ವಲ್ಪ ಏರುಪೇರು ಇರುತ್ತೆ, ಅಷ್ಟು ಸಾಕು."

ಸ್ವಲ್ಪ ಏರುಪೇರು ಅಂದುಕೊಂಡಿದ್ದರು ಅವರು. ನಾನೂ ಹಾಗೇ ಅಂದುಕೊಂಡು, ಮೇಷ್ಟ್ರ ಪಕ್ಕ ಬೆಂಚಿನಲ್ಲಿ ಮುದುಡಿ ಕೂತೆ.

ಅಯ್ಯೋ, ಏನು ಹೇಳಲಿ. ಒಂಬತ್ತು ವರ್ಷ ಹಿಂದೆ ಕೂತವರು ಮುಂದೆ ನಿಂತಿದ್ದರು. ಮೊದಲು ಚೆನ್ನಾಗಿಯೇ ಶುರುವಾಯಿತು. ಆಮೇಲೆ ಬೋರ್ಡಿನ ಕಡೆ ತಿರುಗಿ ಬರೆದರು, ಬರೆದರು, ಬರೆಯುತ್ತಲೇ ಇದ್ದರು. ಹಿಂದೆ ಏನಾಗುತ್ತಿದೆ ಅಂತ ನೋಡಲಿಲ್ಲ. ಒಬ್ಬ ಹುಡುಗ ಅವರು ಕುಂಟುವುದನ್ನು ಅಣಕಿಸಿದ. ಒಂದು ಸಾಲು ಇಡೀ ಕಿಸಕ್ಕೆಂದಿತು. ಕಬ್ಬಿಣದ ತುಂಡುಗಳು ಎಲ್ಲಿ ಅಂತ ಒಂದು ಹುಡುಗಿ ಕೇಳಿದಳು. "ಅವೆಲ್ಲ ಬೇಡ, ಬೋರ್ಡು ನೋಡು," ಅಂದರು. ಅವಳು ಮೇಜಿನ ಮೇಲೆ ತಲೆಯಿಟ್ಟು ಮಲಗಿಬಿಟ್ಟಳು. ಗಲಾಟೆ ಏರಿತು. ಬೆಂಚಕ್ಕ ಡಸ್ಟರಿನಿಂದ ಮೇಜಿಗೆ ಫಟಾರ್ ಎಂದು ಹೊಡೆದು, "ಬಾಯಿ ಮುಚ್ಚಿ!" ಅಂತ ಕಿರುಚಿದರು. ತರಗತಿ ಸ್ತಬ್ಧವಾಯಿತು. ಆ ಮೌನದಲ್ಲಿ ಅವರು ಡಸ್ಟರನ್ನೇ ನೋಡುತ್ತ ನಿಂತರು.

ಇದು ಯೋಚನೆ ಮಾಡಿ ಕೆಡಿಸಿದ ಪಾಠವಲ್ಲ. ನಿಜವಾಗಿಯೂ ಕೆಟ್ಟ ಪಾಠ. ಪಕ್ಕದಲ್ಲಿ ಲೇತ್ ಮೇಷ್ಟ್ರ ಪೆನ್ನು ಓಡುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಓಡುತ್ತಿತ್ತು.

ಗಂಟೆ ಹೊಡೆದ ಮೇಲೆ ಪಡಸಾಲೆಯಲ್ಲಿ ಬೆಂಚಕ್ಕ ಕೈ ಚಾಚಿದರು. "ಕೊಡಿ."

"ಬೇಡ ಟೀಚರ್. ಇದನ್ನ ಹರಿದು ಹಾಕ್ತೀನಿ," ಅಂದರು ಮೇಷ್ಟ್ರು. ಪುಸ್ತಕವನ್ನು ಎದೆಗೆ ಒತ್ತಿಕೊಂಡಿದ್ದರು.

"ನಿಮ್ಮ ಪುಟ ನಾನು ಯಾವತ್ತಾದ್ರೂ ಹರಿದು ಹಾಕಿದ್ನಾ?"

"ನಿಮ್ಮ ಹುದ್ದೆ ಹೋಗುತ್ತೆ."

"ಹೋದ್ರೆ ಎಲ್ಲಿಗೆ ಹೋಗ್ತೀನಿ, ತರಗತಿಗೆ ತಾನೇ? ನೀವು ಹೋದ್ರೆ ಈ ಮಕ್ಕಳ ಕೈಯಿಂದ ಆ ಸರಳಿನ ತುಂಡು ಹೋಗುತ್ತೆ." ಆಮೇಲೆ ದನಿ ಒಡೆಯಿತು. "ನನಗೆ ನಾಚಿಕೆ ಆಗ್ತಿದೆ ಕಣಪ್ಪ. ನಾಚಿಕೆ ಆಗ್ತಿರೋದಕ್ಕೇ ಕೊಡು ಅಂತಿದೀನಿ."

ಮೇಷ್ಟ್ರು ಆ ಪುಟ ಕೊಟ್ಟರು, ರಾಜೀನಾಮೆ ವಾಪಸ್ ತೆಗೆದುಕೊಂಡು ಆಕ್ಷೇಪಣೆಯನ್ನೂ ಬರೆದರು. ಆದೇಶ ಬಂದ ಹದಿಮೂರನೇ ದಿನ ಸಮಿತಿ ಸೇರಿತು. ಕೆಳಗಿನ ಮಹಡಿಯ ಉದ್ದ ಮೇಜಿನ ಕೋಣೆ. ನಿರ್ದೇಶಕರು ನಡುವೆ, ಇಬ್ಬರು ಸದಸ್ಯರು ಆಚೀಚೆ. ಈ ಕಡೆ ಬೆಂಚಕ್ಕ, ಲೇತ್ ಮೇಷ್ಟ್ರು. ಫೈಲು ಓದುವ ಕೆಲಸ ನನ್ನದು. ಮೊದಲು ನನ್ನ ತಪ್ಪನ್ನು ಒಪ್ಪಿಕೊಂಡೆ: ಟಿಪ್ಪಣಿ ಕೊಟ್ಟದ್ದು ಮಾರ್ಗದರ್ಶಿಯಲ್ಲ, ನಾನೇ ಕಪಾಟಿನಿಂದ ತೆಗೆದದ್ದು ಅಂತ. ನಿರ್ದೇಶಕರು ಕನ್ನಡಕದ ಮೇಲಿಂದ ನೋಡಿ, ಬರೆದುಕೊಂಡರು. ಅದಕ್ಕೆ ಸಿಕ್ಕ ಎಚ್ಚರಿಕೆ ಪತ್ರ ಈಗಲೂ ನನ್ನ ಸೇವಾ ಪುಸ್ತಕದಲ್ಲಿದೆ. ನ್ಯಾಯವಾಗಿಯೇ ಬಂದದ್ದು, ಇರಲಿ.

"ಆದರೂ ಆ ಪುಟದಲ್ಲಿರೋದು ನಿಜ ತಾನೇ?" ಅಂದರು ನಿರ್ದೇಶಕರು. ಕೆಟ್ಟವರಲ್ಲ ಅವರು. ಕಾಗದವನ್ನು ನಂಬುವವರು.

"ನಿಜ ಸಾರ್," ಅಂದರು ಬೆಂಚಕ್ಕ. "ಇನ್ನೊಂದು ಪುಟ ಇದೆ. ಅದೇ ತರಗತಿ, ಮೊನ್ನೆ ಮೊನ್ನೆಯದು. ಓದು, ಫೈಲಮ್ಮ."

ಓದಿದೆ. 'ಹತ್ತು ಗಂಟೆ ಐದು ನಿಮಿಷ: ಇಪ್ಪತ್ತಾರು ಮಕ್ಕಳು ಕಿಟಕಿಯ ಕಡೆ ನೋಡುತ್ತಿದ್ದಾರೆ. ಹತ್ತು ಹನ್ನೊಂದು: ಪ್ರಶ್ನೆ ಕೇಳಿದ ಹುಡುಗಿ ತಲೆಯಿಟ್ಟು ಮಲಗಿದಳು. ಮತ್ತೆ ಏಳಲಿಲ್ಲ. ಹತ್ತೂಕಾಲು: ದೊಡ್ಡ ಸದ್ದಿಗೆ ಮುಂದಿನ ಸಾಲಿನ ನಾಲ್ವರು ಬೆಚ್ಚಿಬಿದ್ದರು. ಹತ್ತು ಇಪ್ಪತ್ತು: ಎಲ್ಲರೂ ಬೋರ್ಡು ನೋಡುತ್ತಿದ್ದಾರೆ. ಯಾರೂ ಬರೆಯುತ್ತಿಲ್ಲ.'

ನಿರ್ದೇಶಕರು ತಲೆ ಕೊಡವಿದರು. "ಒಂದು ವರ್ಷ ಆದ ಮೇಲೂ ಇದೇನಾ? ಇದು ಮೊದಲಿನದಕ್ಕಿಂತ ಕಡೆ. ಈ ಶಿಕ್ಷಕರನ್ನ ಇಟ್ಟುಕೊಂಡು ನಾವು ಮಾಡೋದೇನಿದೆ?"

"ಅದು ಅವರ ಪಾಠ ಅಲ್ಲ ಸಾರ್, ನನ್ನದು," ಅಂದರು ಬೆಂಚಕ್ಕ. "ಬರೆದವರು ಅವರು. ನನ್ನದು ಮೂವತ್ತೊಂದು ವರ್ಷದ ಸೇವೆ."

ನಿರ್ದೇಶಕರು ಪುಟವನ್ನು ನನ್ನ ಕೈಯಿಂದ ಇಸಿದುಕೊಂಡು ಅಕ್ಷರ ನೋಡಿದರು.

"ಈ ಪುಸ್ತಕ ಅಂಕ ಹಾಕೋದಕ್ಕಲ್ಲ ಸಾರ್. ತಮ್ಮ ತರಗತೀನ ತಾವೇ ನೋಡ್ಕೊಳ್ಳಲಿ ಅಂತ. ಇದರಿಂದ ಅಂಕ ಹಾಕೋದೇ ಆದ್ರೆ ಮೊದಲು ನನಗೆ ಹಾಕಿ. ಅವರಿಗೆ ಹಾಕೋ ಮುಂಚೆ ಅವರ ನಲವತ್ತನೇ ದಿನದ ಪುಟ ಓದಿ. ನಾನು ಮಾತು ಮುರಿದು ತೋರಿಸಲ್ಲ. ಅದು ಅವರ ಆಸ್ತಿ, ಅವರೇ ಕೊಟ್ಟರೆ ಕೊಡಲಿ."

ಲೇತ್ ಮೇಷ್ಟ್ರು ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದರು. ಮಡಿಕೆಗಳು ಸವೆದಿದ್ದವು. ವರ್ಷವಿಡೀ ಜೇಬಿನಲ್ಲೇ ಇಟ್ಟುಕೊಂಡಿದ್ದರು ಅಂತ ಕಾಣುತ್ತದೆ. ನಿರ್ದೇಶಕರು ಅದನ್ನು ಓದಿದರು. ಮತ್ತೆ ಮೇಲಿಂದ ಓದಿದರು. ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದರು: "'ಗಂಟೆ ಹೊಡೆಯಿತು. ಯಾರೂ ಏಳಲಿಲ್ಲ. ಮೊದಲ ದಿನ ಅತ್ತ ಹುಡುಗಿ ಪಕ್ಕದವಳಿಗೆ ಹೇಳಿಕೊಡುತ್ತಿದ್ದಾಳೆ.'"

ಸಂಜೆಯೊಳಗೆ ಎರಡು ಆದೇಶ ಬಂದವು. ಎರಡನ್ನೂ ಟೈಪು ಮಾಡಿದವಳು ನಾನೇ. ಒಂದು, ಲೇತ್ ಮೇಷ್ಟ್ರನ್ನು ಖಾಯಂ ಮಾಡಿದ್ದು. ಇನ್ನೊಂದು, ಪಾಠ ತೃಪ್ತಿಕರವಾಗಿಲ್ಲದ ಕಾರಣ ಬೆಂಚಕ್ಕನನ್ನು ಮಾರ್ಗದರ್ಶಿ ಹುದ್ದೆಯಿಂದ ಬಿಡಿಸಿ ಮೇಷ್ಟ್ರ ಶಾಲೆಯದೇ ಒಂದು ತರಗತಿಗೆ ಹಾಕಿದ್ದು. ಕಾಗದ ನಂಬುವವರು ಕಾಗದವನ್ನೇ ನಂಬುತ್ತಾರೆ. ಮಾರ್ಗದರ್ಶಿಯ ಜಾಗಕ್ಕೆ ಬೇರೆ ಯಾರನ್ನೂ ಹಾಕಲಿಲ್ಲ. ಸಿಟ್ಟಿಗೆ ನನ್ನ ಬೆರಳು ಕೀಲಿಗಳ ಮೇಲೆ ಹೇಗೆ ಬಿದ್ದವೆಂದರೆ, ಮೇಲಧಿಕಾರಿ ಬಂದು, "ಮೆಲ್ಲಗಮ್ಮ, ಯಂತ್ರ ಇಲಾಖೆದು," ಅಂದರು. "ನನಗೂ ಗೊತ್ತು ಸಾರ್," ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿದೆ.

ಸಹಿ ಹಾಕಲು ಬೆಂಚಕ್ಕ ಬಂದಾಗ ನಾನು ತಲೆ ಎತ್ತಲಿಲ್ಲ. ಅವರು ತಮ್ಮ ಆದೇಶ ಓದದೆ, ಮೇಷ್ಟ್ರದ್ದನ್ನು ಕೇಳಿ ಇಸಿದುಕೊಂಡು ಓದಿದರು. "ಖಾಯಂ," ಅಂತ ಒಂದು ಸಲ ಬಾಯಿಬಿಟ್ಟು ಹೇಳಿ ನಕ್ಕರು.

ಎರಡು ತಿಂಗಳಾದ ಮೇಲೆ ಅವರ ಸೇವಾ ಪುಸ್ತಕಕ್ಕೆ ಸಹಿ ಬೇಕಾಗಿ ನಾನೇ ಶಾಲೆಗೆ ಹೋದೆ. ಕರೆಸಬಹುದಿತ್ತು. ಆ ಮಂಡಿಯಲ್ಲಿ ಎರಡು ಮಹಡಿ ಹತ್ತಿಸುವುದಕ್ಕೆ ಮನಸ್ಸು ಬರಲಿಲ್ಲ. ಹಸಿರು ಬಾಗಿಲು ಅರ್ಧ ತೆರೆದಿತ್ತು. ಬೆಂಚಕ್ಕ ಮಕ್ಕಳ ಸಾಲುಗಳ ನಡುವೆ ಕುಂಟುತ್ತ ಓಡಾಡುತ್ತಿದ್ದರು. ಮಕ್ಕಳ ಕೈಯಲ್ಲಿ ಕಬ್ಬಿಣದ ತುಂಡುಗಳು. ಕೊನೆಯ ಬೆಂಚು ನೋಡಿದೆ. ಲೇತ್ ಮೇಷ್ಟ್ರು ತಮ್ಮ ಬಿಡುವಿನ ಪೀರಿಯಡ್ಡಿನಲ್ಲಿ, ಮಂಡಿ ಎರಡೂ ಮೇಜಿಗೆ ತಾಗುವಂತೆ ಮುದುಡಿ ಕೂತು ಬರೆಯುತ್ತಿದ್ದರು. ಅವರ ಪಕ್ಕದಲ್ಲಿ ಆ ವಿಜ್ಞಾನದ ಹುಡುಗಿ, ಅಂದು ಬಾಗಿಲಿಗೆ ಅಡ್ಡ ನಿಂತವಳು, ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಆ ತೆಳ್ಳನೆಯ ದಿಂಬು ಅವಳ ಕೆಳಗಿತ್ತು.

ಗಂಟೆ ಹೊಡೆಯಿತು. ಮೇಷ್ಟ್ರು ಪುಟ ಹರಿದು, ಮುಂದೆ ಬಂದು, "ಇದು ನಿಮ್ಮದು ಟೀಚರ್. ಇನ್ಯಾರದ್ದೂ ಅಲ್ಲ," ಅಂದರು.

ಬೆಂಚಕ್ಕ ಕನ್ನಡಕ ಏರಿಸಿ ಓದಿದರು. "ಕಿಟಕಿ ಕಡೆ ಆರೇ ಜನಾನಾ? ಸುಳ್ಳು ಬರೆದಿಲ್ಲ ತಾನೇ?"

"ಎಣಿಸಿದ್ದು ಇಬ್ಬರು, ಟೀಚರ್. ಬೇಕಾದ್ರೆ ಇವರನ್ನ ಕೇಳಿ."

ಮೂವರೂ ನಗುತ್ತಿರುವಾಗ ಬೆಂಚಕ್ಕ ಬಾಗಿಲಲ್ಲಿ ನಿಂತ ನನ್ನನ್ನು ಕಂಡರು. ನಾನು ಸೇವಾ ಪುಸ್ತಕ ಮುಂದೆ ಹಿಡಿದೆ. ಸಹಿ ಹಾಕಿದರು. ಆಮೇಲೆ ಮೇಷ್ಟ್ರ ಕೈಯಿಂದ ಆ ಉದ್ದನೆಯ ಪುಸ್ತಕ ಇಸಿದುಕೊಂಡರು. ಅದರಲ್ಲಿ ಈಗ ಅವರದೇ ಪಾಠಗಳ ಕಾರ್ಬನ್ ನಕಲುಗಳಿದ್ದವು, ಕೆಟ್ಟ ದಿನದವೂ ಒಳ್ಳೆಯ ದಿನದವೂ. ಅದನ್ನು ನನ್ನ ಕೈಗಿಟ್ಟರು.

"ಇಲ್ಲಿ ಸ್ಟಾಫ್ ರೂಮಿನಲ್ಲಿ ಬೀಗ ಇಲ್ಲ ಫೈಲಮ್ಮ. ಮೂರನೇ ಕಪಾಟಿನಲ್ಲಿ ಜಾಗ ಇದೆ ತಾನೇ?"

ನಾನು ಮೇಷ್ಟ್ರ ಮುಖ ನೋಡಿದೆ. ಅವರು ಹೂಂ ಎಂಬಂತೆ ತಲೆಯಾಡಿಸಿದರು. "ಅಕ್ಕ, ನನ್ನ ಹತ್ರಾನಾ?" ಅಂದೆ.

"ಮತ್ತಿನ್ಯಾರ ಹತ್ರ ಇಡಲಿ?" ಅಂದರು ಬೆಂಚಕ್ಕ. "ಬೀಗದ ಕೈ ನಿನ್ನ ಹತ್ರಾನೇ ಇರಲಿ."